ಆರು ಗಂಟೆಯ ಮಾತ್ರೆ

“ನಿಮ್ಮ ಡಬ್ಬಿ ಸುಳ್ಳು ಹೇಳ್ತಿದೆ ನೂರೀನ್,” ಎಂದರು ಡಾಕ್ಟರ್ ರಾಧಾಮಣಿ. ಫೋನೆತ್ತಿದ ಕೂಡಲೇ ಇದೇ ಮಾತು. ಹೇಗಿದ್ದೀರಿ, ಊಟ ಆಯ್ತಾ, ಏನೂ ಇಲ್ಲ.

ನೂರೀನ್ ಸೋಲ್ಡರಿಂಗ್ ಐರನ್ನನ್ನು ಕೆಳಗಿಟ್ಟಳು. “ಯಾರ ಮನೇದು ಮೇಡಂ?”

“ಬಾಗಲೂರಿನ ವರಲಕ್ಷ್ಮಮ್ಮಂದು. ಆರು ವಾರದಲ್ಲಿ ನಾಲ್ಕು ಕೆಜಿ ಜಾಸ್ತಿ ಆಗಿದಾರೆ. ಎಲ್ಲಾ ನೀರು. ಕಾಲು ಒತ್ತಿದ್ರೆ ಬೆರಳು ಒಳಗೆ ಹೋಗತ್ತೆ. ಕ್ಲಿನಿಕ್ ಮೆಟ್ಟಿಲು ಹತ್ತೋಷ್ಟರಲ್ಲಿ ಮೂರು ಸಲ ನಿಂತ್ರು. ನಿಮ್ಮ ಸ್ಕ್ರೀನಲ್ಲಿ ನೋಡಿದ್ರೆ ಮೈಲಿರೋ ನೀರು ಇಳಿಸೋಕೆ ಕೊಟ್ಟ ನೀರಿನ ಮಾತ್ರೆ ದಿನಾ ತಗೊಂಡಿದಾರೆ. ಒಂದೋ ಮಾತ್ರೆ ಕೆಲಸ ಮಾಡ್ತಿಲ್ಲ, ಇಲ್ಲಾ ನಿಮ್ಮ ಡಬ್ಬಿ. ಶುಕ್ರವಾರ ಮತ್ತೆ ಬರೋಕೆ ಹೇಳಿದೀನಿ. ಅಷ್ಟರೊಳಗೆ ನೀವು ಹೇಳ್ಲಿಲ್ಲ ಅಂದ್ರೆ ನಾನು ಡೋಸ್ ಡಬಲ್ ಮಾಡ್ಬೇಕಾಗತ್ತೆ.”

ಅಂದು ಮಂಗಳವಾರ.

ಆರ್.ಟಿ. ನಗರದಲ್ಲಿ ಒಂದು ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ನೂರೀನ್ ಮತ್ತು ಮುನೇಶ್ ಎರಡು ವರ್ಷದಿಂದ ಆ ಡಬ್ಬಿಯ ಬೆನ್ನು ಬಿದ್ದಿದ್ದರು. ಅದಕ್ಕೆ ಮೊದಲು ನೂರೀನ್ ಎಂಟು ವರ್ಷ ಆಸ್ಪತ್ರೆಗಳ ಯಂತ್ರ ರಿಪೇರಿ ಮಾಡುತ್ತಿದ್ದಳು. ಅದೇ ಹೃದಯದ ರೋಗಿಗಳು ಮೂರು ತಿಂಗಳಿಗೊಮ್ಮೆ ಏದುಸಿರು ಬಿಡುತ್ತಾ ಅದೇ ವಾರ್ಡಿಗೆ ವಾಪಸು ಬರುವುದನ್ನು ನೋಡಿದ್ದಳು. ಕೇಳಿದರೆ ನರ್ಸುಗಳು, “ಮಾತ್ರೆ ಮರೀತಾರೆ ಕಣ್ರೀ, ಇನ್ನೇನು” ಎನ್ನುತ್ತಿದ್ದರು. ಮರೆಯದ ಹಾಗೆ ಒಂದು ಡಬ್ಬಿ ಮಾಡಿದರೆ ಮುಗಿಯಿತಲ್ಲ ಎಂದುಕೊಂಡಳು. ಮುಗಿಯಲಿಲ್ಲ.

ಡಬ್ಬಿ ಒಂದು ಹಳೇ ರೇಡಿಯೋದಷ್ಟು ದೊಡ್ಡದು. ಒಳಗೆ ಒಂದೊಂದು ಮಾತ್ರೆಗೂ ಒಂದೊಂದು ಖಾನೆ. ಹೊತ್ತಾದಾಗ ಆ ಖಾನೆಯ ಮುಚ್ಚಳ ತೆರೆದುಕೊಂಡು, “ಮಾನ್ಯರೇ, ತಮ್ಮ ಔಷಧ ಸೇವನೆಯ ಸಮಯವಾಗಿದೆ” ಎಂದು ಗಂಡು ದನಿಯೊಂದು ಘೋಷಿಸುತ್ತಿತ್ತು. ದನಿ ಮುನೇಶನ ಗೆಳೆಯನದು. ಮದುವೆ ಆರತಕ್ಷತೆಗಳಲ್ಲಿ ನಿರೂಪಣೆ ಮಾಡುವವನು. ಮಾತ್ರೆ ತೆಗೆದದ್ದು ಒಳಗಿನ ಸೆನ್ಸರ್‌ಗೆ ಗೊತ್ತಾಗಿ ಡಾಕ್ಟರ ಸ್ಕ್ರೀನಿನಲ್ಲಿ ಹಸಿರು ಚುಕ್ಕೆ ಬೀಳುತ್ತಿತ್ತು, ತಪ್ಪಿದರೆ ಕೆಂಪು. ಹತ್ತು ನಿಮಿಷವಾದರೂ ತೆಗೆಯದಿದ್ದರೆ ಮನೆಯವರ ಫೋನಿಗೆ ಕರೆ ಹೋಗುತ್ತಿತ್ತು. ಇಪ್ಪತ್ತು ನಿಮಿಷ ಕಳೆದರೆ ಮುಚ್ಚಳ ತಾನೇ ಮುಚ್ಚಿಕೊಂಡು, “ಸಮಯ ಮೀರಿದೆ. ಈ ಮಾತ್ರೆಯನ್ನು ಸೇವಿಸಬೇಡಿ” ಎನ್ನುತ್ತಿತ್ತು. ತಡವಾಗಿ ನುಂಗಿದ ಮಾತ್ರೆಯ ಬೆನ್ನಿಗೇ ಮುಂದಿನದನ್ನೂ ಯಾರೂ ನುಂಗಬಾರದೆಂದು ನೂರೀನ್ ತಾನೇ ಯೋಚಿಸಿ ಸೇರಿಸಿದ ಮಾತು ಅದು.

ಯಲಹಂಕದ ಹೃದಯದ ಕ್ಲಿನಿಕ್ಕಿನಲ್ಲಿ ರಾಧಾಮಣಿ ತಮ್ಮ ಹನ್ನೆರಡು ರೋಗಿಗಳನ್ನು ಪ್ರಯೋಗಕ್ಕೆ ಒಪ್ಪಿಸಿದ್ದರು. ಹನ್ನೆರಡು ಮನೆ, ಹನ್ನೆರಡು ಡಬ್ಬಿ. ಒಬ್ಬರು ಡಬ್ಬಿಯ ಮೇಲೆ ಕುಂಕುಮ ಹಚ್ಚಿ ಸೆನ್ಸರ್ ಮುಚ್ಚಿಹಾಕಿದ್ದರು. ಇನ್ನೊಬ್ಬರು ಮಿಕ್ಸಿಗೆ ಪ್ಲಗ್ ಬೇಕೆಂದು ದಿನಾ ಅದನ್ನು ಕಿತ್ತಿಡುತ್ತಿದ್ದರು. ಯಾವ ತೊಂದರೆಯೂ ಕೊಡದ ಒಂದೇ ಮನೆಯೆಂದರೆ ವರಲಕ್ಷ್ಮಮ್ಮನವರದು. ಮೊದಲ ವಾರದ ಎರಡು ಕೆಂಪು ಚುಕ್ಕೆ ಬಿಟ್ಟರೆ ಆರು ವಾರವೂ ಬರೀ ಹಸಿರು. ಬರುವ ಸೋಮವಾರ ಯಶವಂತಪುರದ ಕಂಪನಿಯೊಂದಕ್ಕೆ ಬಂಡವಾಳಕ್ಕಾಗಿ ಡಬ್ಬಿ ತೋರಿಸುವುದಿತ್ತು. ಮುನೇಶ್ ತನ್ನ ಸ್ಲೈಡುಗಳ ಮೊದಲ ಪುಟದಲ್ಲೇ ಅವರ ಫೋಟೋ ಹಾಕಿದ್ದ.

“ಡಾಟಾ ಸರಿಯಾಗೇ ಇದೆಯಲ್ಲ,” ಎಂದ ಮುನೇಶ್. “ನೀನೇ ನೂರು ಸಲ ಟೆಸ್ಟ್ ಮಾಡಿದೀಯ. ಮಾತ್ರೆ ಮೈಗೆ ಹತ್ತಲಿಲ್ಲ ಅಂದ್ರೆ ಅದು ಡಾಕ್ಟರ್ ಪ್ರಾಬ್ಲಮ್ ಗುರು, ನಮ್ದಲ್ಲ.”

“ಮನುಷ್ಯರಿಗೆ ಉಸಿರು ಕಟ್ತಿದೆ ಮುನೇಶ್.”

“ನಾನು ಕಟ್ಲಿ ಅಂದ್ನಾ? ಸೋಮವಾರದವರೆಗೆ ಯಾವುದಕ್ಕೂ ಕೈ ಹಾಕ್ಬೇಡ ಅಂದೆ ಅಷ್ಟೆ.”

ನೂರೀನ್ ಚೀಲಕ್ಕೆ ಸಾಮಾನು ತುಂಬಿಕೊಂಡಳು.

ಬುಧವಾರ ಸಂಜೆ ಅವಳು ಬಾಗಲೂರು ತಲುಪುವಷ್ಟರಲ್ಲಿ ಎರಡು ಗಂಟೆ ಹಿಡಿದಿತ್ತು. ವರಲಕ್ಷ್ಮಮ್ಮ ಐವತ್ತೇಳರ ಗಟ್ಟಿ ಹೆಂಗಸು. ಶಾಲೆಯ ವ್ಯಾನಿನಲ್ಲಿ ಆಯಾ. ಬಾಗಲೂರಿನಿಂದ ಹೊರಟು ಕೋಗಿಲು, ಜಕ್ಕೂರುಗಳಲ್ಲಿ ಮಕ್ಕಳನ್ನು ಹತ್ತಿಸಿಕೊಂಡು ಹೆಬ್ಬಾಳದ ಆಚೆಯ ಶಾಲೆಗೆ ಮುಟ್ಟಿಸುವುದು, ಸಂಜೆ ವಾಪಸು ತರುವುದು ಅವರ ಕೆಲಸ. ಮಗಳು ಶಿಲ್ಪಳಿಗೆ ಏರ್‌ಪೋರ್ಟಿನ ಕಾರ್ಗೋ ವಿಭಾಗದಲ್ಲಿ ನೌಕರಿ. ತಾಯಿ ಮಗಳು ಒಂದೇ ಮನೆಯಲ್ಲಿದ್ದರು.

ನೂರೀನ್ ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬಿಚ್ಚಿ ಹಾಕಿದಳು. ಮಾತ್ರೆ ಇಟ್ಟಳು, ತೆಗೆದಳು. ಇಟ್ಟಳು, ತೆಗೆದಳು. ಇಪ್ಪತ್ತು ಸಲ ಇಪ್ಪತ್ತೂ ಸರಿ.

“ಆಂಟಿ, ಸತ್ಯ ಹೇಳಿ. ದಿನಾ ತಗೋತಿದೀರಾ?”

“ಊಂ ಕಣಮ್ಮ, ಕೂಗಿದ್ ತಕ್ಷಣ ತಗೀತೀನಿ.”

“ತೆಗೆದು ನುಂಗ್ತೀರಾ?”

“ಇನ್ನೇನ್ ಮಾಡ್ತಾರಮ್ಮ ಮಾತ್ರೇನ?” ಎಂದು ವರಲಕ್ಷ್ಮಮ್ಮ ಒಲೆಯ ಕಡೆ ತಿರುಗಿಕೊಂಡರು.

ಶಿಲ್ಪಳಿಗೆ ಸಿಟ್ಟು ಬಂತು. “ನಮ್ಮಮ್ಮನ್ನ ಕಳ್ಳೀನ್ ಕೇಳೋ ಹಂಗೆ ಕೇಳ್ತೀರಲ್ಲ ಮೇಡಂ? ಮೊದಲನೇ ವಾರ ಎರಡು ದಿನ ನಿಮ್ಮ ಡಬ್ಬಿ ನಂಗೆ ಫೋನ್ ಮಾಡ್ತು, ನಾನು ಡ್ಯೂಟಿಲಿದ್ದೆ. ಮೇಲಿನೋರ ಕೈಲಿ ಬೈಸ್ಕೊಂಡೆ. ಬಂದು ಅಮ್ಮಂಗೆ ಸರಿಯಾಗಿ ಉಗಿದೆ. ಆಮೇಲೆ ಒಂದಿನಾನೂ ತಪ್ಪಿಲ್ಲ.”

“ನಾಳೆ ಬೆಳಿಗ್ಗೆ ಆರಕ್ಕೆ ನಾನೇ ಬಂದು ನೋಡ್ತೀನಿ,” ಎಂದಳು ನೂರೀನ್.

ವರಲಕ್ಷ್ಮಮ್ಮ ತಿರುಗಿ ನೋಡಿದರು. “ಅಷ್ಟ್ ದೂರದಿಂದ ಯಾಕಮ್ಮ ಕಷ್ಟ ಪಡ್ತೀಯ?”

“ಪರವಾಗಿಲ್ಲ ಆಂಟಿ.”

ಗುರುವಾರ ಬೆಳಿಗ್ಗೆ ಅವಳು ಕ್ಯಾಬಿನಲ್ಲಿ ಬಂದಿಳಿದಾಗ ಆರಕ್ಕೆ ಹತ್ತು ನಿಮಿಷವಿತ್ತು. ಹಿಂದಿನ ದಿನದ ಮಾತಿನ ಮುಜುಗರ ಕಳೆಯಲೆಂದೋ ಏನೋ, ವರಲಕ್ಷ್ಮಮ್ಮ ಬಿಸಿ ಉಪ್ಪಿಟ್ಟು, ದೊಡ್ಡ ಲೋಟದ ತುಂಬ ಕಾಫಿ ಕೊಟ್ಟರು. ಬೇಡವೆಂದರೂ ಇನ್ನೊಂದು ಲೋಟ ಬಂತು. ಉಪ್ಪಿಟ್ಟಿನಲ್ಲಿ ಮೆಣಸಿನಕಾಯಿ ಸಿಕ್ಕಿ ನೂರೀನ್ ಒಂದು ಚೊಂಬು ನೀರನ್ನೂ ಕುಡಿದಳು. ಆರಕ್ಕೆ ಸರಿಯಾಗಿ ಡಬ್ಬಿ, “ಮಾನ್ಯರೇ” ಎಂದು ಶುರು ಮಾಡಿತು. ನಾಲ್ಕು ಮುಚ್ಚಳ ತೆರೆದವು. ವರಲಕ್ಷ್ಮಮ್ಮ ನಾಲ್ಕೂ ಮಾತ್ರೆ ಅಂಗೈಗೆ ಹಾಕಿಕೊಂಡು, ಬಾಯಿಗೆ ಹಾಕಿ, ನೀರು ಕುಡಿದು, ಸೆರಗಿನಿಂದ ಬಾಯೊರೆಸಿಕೊಂಡರು. ದೀಪ ಹಸಿರಾಯಿತು.

“ನೋಡಿದ್ಯೇನಮ್ಮ?”

ನೋಡಿದ್ದಳು. ನೋಡಿ ತಲೆ ಇನ್ನೂ ಕೆಟ್ಟಿತು. ಡಬ್ಬಿ ಸರಿ, ರೋಗಿ ಸರಿ, ಮಾತ್ರೆ ಒಳ್ಳೆಯ ಕಂಪನಿಯದು. ನಾಳೆ ಡಾಕ್ಟರಿಗೆ ಏನೆನ್ನುವುದು? ವಾಪಸು ಹೋಗಲು ಕ್ಯಾಬ್ ಹುಡುಕಿದರೆ ಒಬ್ಬನೂ ಒಪ್ಪಲಿಲ್ಲ.

“ನಮ್ ವ್ಯಾನಲ್ಲೇ ಬಂದ್ಬುಡು,” ಎಂದರು ವರಲಕ್ಷ್ಮಮ್ಮ. “ಎಂಗಿದ್ರೂ ಎಬ್ಬಾಳದ್ ಆಚೆಗೇ ಓಗೋದು. ಸರ್ದಾರಣ್ಣ ಬಿಡ್ತಾರೆ.”

ಆರೂವರೆಗೆ ವ್ಯಾನ್ ಹೊರಟಿತು. ಡ್ರೈವರ್ ಸರ್ದಾರ್ ಹಿರಿಯರು, ಮಾತು ಕಡಿಮೆ. ನೂರೀನ್‌ಗೆ ಬಾಗಿಲ ಪಕ್ಕ, ವರಲಕ್ಷ್ಮಮ್ಮನ ಮಗ್ಗುಲಲ್ಲೇ ಜಾಗ ಸಿಕ್ಕಿತು. ಕೋಗಿಲಿನಲ್ಲಿ ಎಂಟು ಮಕ್ಕಳು, ಜಕ್ಕೂರಿನಲ್ಲಿ ಹನ್ನೊಂದು. ಪ್ರತಿ ನಿಲುಗಡೆಯಲ್ಲೂ ವರಲಕ್ಷ್ಮಮ್ಮ ಊದಿದ ಕಾಲೆಳೆದುಕೊಂಡು ಇಳಿಯುವರು, ಚಿಕ್ಕವರನ್ನು ಎತ್ತಿ ಒಳಗಿಡುವರು, ಮತ್ತೆ ಹತ್ತುವರು, ಬಾಗಿಲ ಕಂಬಿ ಹಿಡಿದು ಒಂದು ನಿಮಿಷ ಉಸಿರು ತೆಗೆದುಕೊಳ್ಳುವರು. ನೂರೀನ್ ಲ್ಯಾಪ್‌ಟಾಪ್ ತೆರೆದು ಕಳೆದ ಆರು ವಾರದ ದಾಖಲೆಯನ್ನು ಮತ್ತೊಮ್ಮೆ ಮೊದಲಿನಿಂದ ನೋಡತೊಡಗಿದಳು.

ಏಳೂ ಇಪ್ಪತ್ತಕ್ಕೆ ಏರ್‌ಪೋರ್ಟ್ ರಸ್ತೆ ಸೇರಿದರು. ಏಳೂವರೆಗೆ ವ್ಯಾನ್ ನಿಂತಿತು. ಹೆಬ್ಬಾಳದ ಫ್ಲೈಓವರ್ ಕಣ್ಣೆದುರಿಗೇ ಇತ್ತು. ಆದರೆ ಅಲ್ಲಿಯವರೆಗೆ ಬಸ್ಸು, ಲಾರಿ, ಕಾರು, ನಡುವೆ ತುರುಕಿಕೊಂಡ ಸ್ಕೂಟರುಗಳು. ಯಾವುದೂ ಅಲ್ಲಾಡುತ್ತಿರಲಿಲ್ಲ.

ಆಗ ನೂರೀನ್‌ಗೆ ಎರಡು ಲೋಟ ಕಾಫಿ ಮತ್ತು ಆ ಚೊಂಬು ನೀರು ತಮ್ಮ ಇರವನ್ನು ತಿಳಿಸಿದವು.

ಮೊದಲು ಕಾಲ ಮೇಲೆ ಕಾಲು ಹಾಕಿ ಕೂತಳು. ಲ್ಯಾಪ್‌ಟಾಪ್ ಮುಚ್ಚಿದಳು. ಹತ್ತು ನಿಮಿಷದಲ್ಲಿ ವ್ಯಾನ್ ಒಂದು ಆಟೋದಷ್ಟು ಉದ್ದ ಮುಂದೆ ಹೋಯಿತು. ಪಕ್ಕದ ಹುಡುಗಿಯೊಬ್ಬಳು ನೀರಿನ ಬಾಟಲಿ ಅಲ್ಲಾಡಿಸುತ್ತಿದ್ದಳು. ಆ ಸದ್ದು ಕೇಳಲಾಗದೆ ನೂರೀನ್ ಮುಖ ತಿರುಗಿಸಿದಳು. ಇನ್ನೂ ಹತ್ತು ನಿಮಿಷ ಕಳೆಯಿತು. ಹಣೆಯ ಮೇಲೆ ಬೆವರೊಡೆಯಿತು.

“ಭಾಯ್, ಎಲ್ಲಾದ್ರೂ ಪೆಟ್ರೋಲ್ ಬಂಕ್ ಇದ್ರೆ ಸ್ವಲ್ಪ ನಿಲ್ಲಿಸ್ತೀರಾ?”

“ಈ ಸೈಡಲ್ಲಿ ಬಂಕ್ ಇಲ್ಲಮ್ಮ. ಇದ್ರೂ ಎಲ್ಲಿ ನಿಲ್ಲಿಸ್ಲಿ? ಮಕ್ಕಳವ್ರೆ. ಒಂದ್ಸಲ ಎಡಕ್ಕೆ ತಗೊಂಡ್ರೆ ಮತ್ತೆ ಯಾರೂ ಒಳಗೆ ಬಿಡಲ್ಲ.”

ನೂರೀನ್ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಮೂವತ್ತೊಂದು ವರ್ಷದ ಹೆಂಗಸು, ಇಂಜಿನಿಯರು, ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ವರಲಕ್ಷ್ಮಮ್ಮ ಅವಳನ್ನೇ ನೋಡುತ್ತಿದ್ದರು. ಮೊದಲು ತುಟಿ ನಡುಗಿತು, ಆಮೇಲೆ ಸೆರಗು ಬಾಯಿಗೆ ಹೋಯಿತು. ಅವರು ನಗುತ್ತಿದ್ದರು. ಹೊಟ್ಟೆ ಕುಣಿಯುವಂತೆ, ಸದ್ದಿಲ್ಲದೆ.

“ನಗ್ಬೇಡಿ ಆಂಟಿ! ಇಲ್ಲಿ ನಂಗೆ ಪ್ರಾಣ ಹೋಗ್ತಿದೆ.”

“ನಿಂಗೆ ಒಂದಿನ ಕಣಮ್ಮ. ಅದೂ ಮಾತ್ರೆ ಇಲ್ದೆ.”

ಹೇಳಿ ಮುಗಿಸಿದ ಮೇಲೆ ಅವರ ನಗು ನಿಂತಿತು. ನೂರೀನ್ ಅವರ ಮುಖ ನೋಡಿದಳು. ವರಲಕ್ಷ್ಮಮ್ಮ ಮಕ್ಕಳ ಕಡೆ ಒಮ್ಮೆ ನೋಡಿ, ರವಿಕೆಯೊಳಗಿನ ಪುಟ್ಟ ಪರ್ಸು ತೆಗೆದರು. ಅದರಿಂದ ಕ್ಯಾಲೆಂಡರ್ ಹಾಳೆಯ ಚೂರೊಂದನ್ನು ತೆಗೆದು ಬಿಚ್ಚಿದರು. ಒಳಗೆ ಒಂದು ಬಿಳಿ ಮಾತ್ರೆ.

“ಆರು ಗಂಟೇದು, ನೀರಿನ್ ಮಾತ್ರೆ. ನುಂಗಿದ್ರೆ ಎರಡ್ ಗಂಟೆ ಬಚ್ಚಲಿಗೇ ಓಡ್ತಿರ್ಬೇಕು. ನಾಕರಲ್ಲಿ ಮೂರ್ ನುಂಗ್ದೆ. ಇದು ಬೆರಳ್ ಸಂದೀಲೇ ಇತ್ತು.”

ನೂರೀನ್‌ಗೆ ಸಿಟ್ಟು ನೆತ್ತಿಗೇರಿತು. “ಆಂಟಿ! ನಾನು ಎದುರಿಗೇ ನಿಂತಿದ್ದೆ! ನಿನ್ನೆ ಇಪ್ಪತ್ತು ಸಲ ಡಬ್ಬಿ ಬಿಚ್ಚಿದೆ! ಯಾಕ್ ಹೇಳ್ಲಿಲ್ಲ?”

“ಮೆಲ್ಲಗ್ ಮಾತಾಡು, ಮಕ್ಕಳವ್ರೆ.” ವರಲಕ್ಷ್ಮಮ್ಮ ದನಿ ತಗ್ಗಿಸಿದರು. “ನಿನ್ ಡಬ್ಬಿ ಬರಾಕ್ ಮುಂಚೆ ಇದನ್ನ ನಾನು ಇಸ್ಕೂಲಿಗ್ ಓದ್ಮೇಲೆ ತಗೋತಿದ್ದೆ. ಒಂಬತ್ ಗಂಟೆಗೆ, ಮಕ್ಕಳ್ನೆಲ್ಲ ಒಳಗ್ ಬಿಟ್ಟು. ಅಲ್ಲಿ ಬಚ್ಚಲೈತೆ, ಏನೂ ತೊಂದ್ರೆ ಇರ್ಲಿಲ್ಲ. ಯಾರ್ಗೂ ಏಳಿರ್ಲಿಲ್ಲ, ಯಾರೂ ಕೇಳೂ ಇರ್ಲಿಲ್ಲ. ಡಬ್ಬಿ ಬಂತು. ಆಸ್ಪತ್ರೆಯೋರ ಡಬ್ಬಿ, ಆರಕ್ಕೆ ಅಂದ್ರೆ ಆರಕ್ಕೇ ಇರ್ಬೇಕು ಅಂತ ಮೊದಲನೇ ದಿನ ನುಂಗ್ಬುಟ್ಟೆ.”

ಅವರು ಕಿಟಕಿಯಾಚೆ ನೋಡಿದರು. ಪಕ್ಕದಲ್ಲಿ ನೀರಿನ ಟ್ಯಾಂಕರೊಂದು ನಿಂತಿತ್ತು.

“ಇಲ್ಲೇ ಕಣಮ್ಮ, ಇದೇ ಜಾಗ. ಇಡ್ಕೊಂಡೆ, ಇಡ್ಕೊಂಡೆ, ಆಗ್ಲಿಲ್ಲ. ಸೀರೆಯೆಲ್ಲ ಒದ್ದೆ. ತೊಡೆ ಮೇಲೆ ಎಲ್‌ಕೆಜಿ ಮಗು ಕೂತಿತ್ತು. ಅದನ್ನ ಇಳಿಸಿದ್ರೆ ಎಲ್ರಿಗೂ ಕಾಣ್ತದೆ ಅಂತ ಇಸ್ಕೂಲ್ ತಂಕ ಅಂಗೇ ಕೂರಿಸ್ಕೊಂಡಿದ್ದೆ. ಮಗೂಗೆ ಗೊತ್ತಾಯ್ತೇನೋ, ಒಂದ್ ಮಾತೂ ಆಡ್ಲಿಲ್ಲ.”

ನೂರೀನ್ ಕಂಬಿ ಬಿಟ್ಟು ಅವರ ಕಡೆಗೆ ತಿರುಗಿ ಕೂತಳು.

“ಮಾರ್ನೇ ದಿನ ಓಗೋವಾಗ ತಗೊಂಡೋಗಿ ಒಂಬತ್ತಕ್ಕೇ ನುಂಗಾಣ ಅಂತ ಡಬ್ಬೀಲೇ ಬುಟ್ಟೆ. ಡಬ್ಬಿ ಬಡ್ಕೊಳ್ತು, ಶಿಲ್ಪಂಗ್ ಫೋನ್ ಓಯ್ತು. ಆಮೇಲೆ ಬಾಗ್ಲಾಕ್ಕೊಂಡು, ಈ ಮಾತ್ರೆ ಸೇವಿಸಬೇಡಿ ಅಂತು. ಇನ್ನೊಂದಿನಾನೂ ಅಂಗೇ ಆಯ್ತು. ಡಬ್ಬಿಯೊಳಗಿನ್ ಆ ಮಗ ಬೇರೆ ಎಷ್ಟ್ ಜೋರಾಗ್ ಏಳ್ತಾನೆ! ಒತ್ತು ಮೀರಿ ತಗೊಂಡ್ರೆ ಏನೋ ಆಗ್ತದೆ ಅಂತ ಎದ್ರಿಕೊಂಡೆ. ಶಿಲ್ಪ ಬೇರೆ ಉಗುದ್ಲು. ಅವತ್ತಿಂದ ಆರಕ್ಕೆ ತಗೀತೀನಿ, ಕಾಗ್ದದಾಗ್ ಕಟ್ತೀನಿ, ಮನೇಗ್ ಓಗಿ ಒಂದ್ ಡಬ್ರಿಗ್ ಆಕ್ತೀನಿ. ಭಾನ್ವಾರ ಮಾತ್ರ ನುಂಗ್ತೀನಿ.”

“ಡಾಕ್ಟ್ರಿಗಾದ್ರೂ ಹೇಳ್ಬೋದಿತ್ತಲ್ಲ?”

“ಏನಂತ ಏಳ್ಲಿ? ಸೀರೇಲೇ ಮಾಡ್ಕೊಂಡೆ ಅಂತ್ಲಾ?”

ಹಿಂದಿನ ಸೀಟಿನಲ್ಲಿ ಇಬ್ಬರು ಬಾಟಲಿಗಾಗಿ ಕಿತ್ತಾಡತೊಡಗಿದರು. ವರಲಕ್ಷ್ಮಮ್ಮ ಎದ್ದು ಹೋಗಿ ಇಬ್ಬರನ್ನೂ ಬೇರೆ ಮಾಡಿ ಬಂದರು. ಕೂರುವಾಗ ಉಸಿರಿಗಾಗಿ ಬಾಯಿ ತೆರೆದರು. ಬೆಳಿಗ್ಗೆ ಎಂದರೆ ಆರು ಗಂಟೆ ಎಂದು ಬರೆದವರು ಯಾರು ಎಂದು ನೂರೀನ್ ನೆನಪಿಸಿಕೊಂಡಳು. ಡಾಕ್ಟರ್ ಚೀಟಿಯಲ್ಲಿ ಬರೀ ‘ಬೆಳಿಗ್ಗೆ’ ಎಂದಿತ್ತು. ಯಂತ್ರಕ್ಕೆ ಬೆಳಿಗ್ಗೆ ಎಂದರೆ ತಿಳಿಯುವುದಿಲ್ಲ, ಒಂದು ಅಂಕಿ ಬೇಕು. ಆ ಅಂಕಿ ಹಾಕಿದವಳು ಅವಳೇ. ಹಾಕುವ ಮೊದಲು ಯಾರನ್ನೂ ಕೇಳಿರಲಿಲ್ಲ.

ಶಾಲೆ ತಲುಪಿದಾಗ ಎಂಟೂ ಮೂವತ್ತೈದು. ನೂರೀನ್ ಮಕ್ಕಳಿಗಿಂತ ಮೊದಲು ಇಳಿದು ಓಡಿದಳು. ಸರ್ದಾರ್ ಮರ್ಯಾದೆಯಿಂದ ಬೇರೆ ಕಡೆ ನೋಡಿದರು.

ವಾಪಸು ಬಂದು, ಆಟದ ಬಯಲಿನ ಪಕ್ಕ ನಿಂತು, ರಾಧಾಮಣಿಯವರಿಗೆ ಫೋನ್ ಮಾಡಿದಳು. ಎಲ್ಲವನ್ನೂ ಹೇಳಿದಳು. ಒದ್ದೆ ಸೀರೆಯ ವಿಷಯ ಹೇಳಲೋ ಬೇಡವೋ ಎಂದು ತಡೆದು, ವರಲಕ್ಷ್ಮಮ್ಮನ ಕಡೆ ನೋಡಿದಳು. ಅವರು ಹೇಳು ಎಂಬಂತೆ ತಲೆಯಾಡಿಸಿದರು.



“ನಾನು ಬೆಳಿಗ್ಗೆ ಅಂತ ತಾನೇ ಬರೆದಿದ್ದು?” ಎಂದರು ರಾಧಾಮಣಿ. “ಒಂಬತ್ತಾದ್ರೂ ನಡೆಯತ್ತೆ, ಹತ್ತಾದ್ರೂ ನಡೆಯತ್ತೆ. ಅಯ್ಯೋ ದೇವರೇ. ನಾಳೆ ನಾನು ಡಬಲ್ ಬರೆದುಬಿಡ್ತಿದ್ದೆ. ಫೋನ್ ಅವರಿಗೆ ಕೊಡಿ.”

ವರಲಕ್ಷ್ಮಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದು, “ಊಂ ಡಾಕ್ಟ್ರಮ್ಮ... ಊಂ... ಇವಾಗ್ಲೇನಾ? ಊಂ,” ಎಂದರು. ಫೋನ್ ವಾಪಸು ಕೊಟ್ಟು, ಕಾಗದ ಬಿಚ್ಚಿ, ಶಾಲೆಯ ನಲ್ಲಿಯ ನೀರಲ್ಲೇ ಮಾತ್ರೆ ನುಂಗಿದರು. “ಬೈಲೇ ಇಲ್ಲ,” ಎಂದರು ಆಶ್ಚರ್ಯದಿಂದ.

ಶಿಲ್ಪ ಬೈದಳು. ಆ ಸಂಜೆ ತಾಯಿ ಮಾತ್ರೆ ತುಂಬಿದ ಡಬರಿ ತೋರಿಸಿದಾಗ ಮೊದಲು ಬೈದಳು, ಆಮೇಲೆ ಅತ್ತಳು. ಫೋನ್ ಬಂದಾಗ ಯಾಕೆಂದು ಒಂದು ಮಾತು ಕೇಳದೆ ಉಗಿದೆನಲ್ಲ ಎಂದು ನೂರೀನ್‌ಗೆ ಫೋನ್ ಮಾಡಿ ಹೇಳಿದಳು. ನೂರೀನ್ ಸಮಾಧಾನ ಹೇಳಲು ಹೋಗಲಿಲ್ಲ. ಅದೇ ತಪ್ಪನ್ನು ತಾನು ಹನ್ನೆರಡು ಮನೆಯಲ್ಲಿ ಮಾಡಿದ್ದಾಗಿ ಹೇಳಿದಳು.

ಮುನೇಶನ ಜೊತೆಗಿನ ಜಗಳ ಶುಕ್ರವಾರ ಇಡೀ ನಡೆಯಿತು.

“ನೀರಿನ ಮಾತ್ರೇನ ಡಬ್ಬಿಯಿಂದ ಹೊರಗೆ ಇಡ್ತೀವಿ,” ಎಂದಳು ನೂರೀನ್. “ಸ್ಟ್ರಿಪ್ ಅವರ ಪರ್ಸಲ್ಲೇ ಇರತ್ತೆ. ಒಂಬತ್ತು ಗಂಟೆಗೆ ಅವರೇ ತಗೋತಾರೆ.”

“ಡಬ್ಬಿಲಿ ಮಾತ್ರೆ ಇಡದೆ ಇರೋಕೆ ನಾವು ಡಬ್ಬಿ ಮಾಡಿದ್ವಾ?”

“ಅವರು ಮರೆಯಲ್ಲ ಮುನೇಶ್. ಯಾವ ಮಗು ಯಾವ ಗೇಟಲ್ಲಿ ಹತ್ತತ್ತೆ, ಯಾವ ಮಗೂಗೆ ಕಡಲೆಬೀಜ ಆಗಲ್ಲ, ಎಲ್ಲಾ ನೆನಪಿಟ್ಕೊಂಡಿರೋರು ಒಂದು ಮಾತ್ರೆ ಮರೀತಾರಾ? ನಾವು ಮರೆವಿಗೆ ಮಿಷನ್ ಮಾಡಿದೀವಿ. ಅವರಿಗೆ ಮರೆವಿನ ಕಾಯಿಲೆ ಇಲ್ಲ.”

“ಸೋಮವಾರ ಏನ್ ತೋರಿಸ್ಲಿ ನಾನು? ಮೊದಲನೇ ಪುಟದಲ್ಲೇ ಅವರಿದಾರೆ!”

“ತೆಗಿ.”

“ಸೇವಿಸಬೇಡಿ ಅನ್ನೋದನ್ನಾದ್ರೂ ಬಿಡು. ಸೇಫ್ಟಿ ಅಂತ ನೀನೇ ಹಾಕ್ಸಿದ್ದು.”

“ಗೊತ್ತು. ನಾನೇ ತೆಗೀತಿದೀನಿ. ಅದರ ಬದಲು ಡಾಕ್ಟರಿಗೆ ಫೋನ್ ಮಾಡಿ ಕೇಳಿ ಅಂತ ಹೇಳತ್ತೆ. ಹೊಸ ದನಿ ರೆಕಾರ್ಡ್ ಮಾಡ್ಸು. ಮನೇಲಿ ಮಾತಾಡೋ ಹಂಗೆ ಇರ್ಲಿ, ಮಾನ್ಯರೇ ಗೀನ್ಯರೇ ಬೇಡ.”

ಮುನೇಶ್ ಕುರ್ಚಿ ಹಿಂದಕ್ಕೆ ತಳ್ಳಿ ಹೊರಗೆ ಹೋದವನು ಒಂದು ಗಂಟೆಯ ಮೇಲೆ ಬಂದ. ಸೋಮವಾರ ಇಬ್ಬರೂ ಯಶವಂತಪುರಕ್ಕೆ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದರು. ಕಂಪನಿಯವರು ಗಮನವಿಟ್ಟು ಕೇಳಿ, ಚೆನ್ನಾಗಿ ಚಹಾ ಕೊಟ್ಟು, ಆರು ತಿಂಗಳು ಬಿಟ್ಟು ಬನ್ನಿ ಎಂದರು.  ವಾಪಸು ಬಂದು ಇಳಿಯುವಾಗ ಮುನೇಶ್, “ಉಳಿದ ಹನ್ನೊಂದು ಮನೆಗೆ ಯಾವಾಗ ಹೋಗೋದು?” ಎಂದು ಕೇಳಿದ.

ಮೂರು ವಾರದಲ್ಲಿ ವರಲಕ್ಷ್ಮಮ್ಮ ಮೂರೂವರೆ ಕೆಜಿ ಇಳಿದರು. ರಾಧಾಮಣಿ ಈಗ ಚೀಟಿ ಬರೆಯುವ ಮೊದಲು ಎಲ್ಲರನ್ನೂ ಕೆಲಸವೇನು, ಮನೆ ಬಿಡುವುದು ಎಷ್ಟಕ್ಕೆ ಎಂದು ಕೇಳುತ್ತಾರೆಂದೂ, ಅದರಿಂದ ಕ್ಲಿನಿಕ್ಕಿನಲ್ಲಿ ಕಾಯುವುದು ಇನ್ನೂ ಅರ್ಧ ಗಂಟೆ ಜಾಸ್ತಿಯಾಗಿದೆಯೆಂದೂ ಶಿಲ್ಪ ದೂರಿದಳು.

ಉಳಿದ ಮನೆಗಳಲ್ಲಿ ನೂರೀನ್, ಮುನೇಶ್ ಮೊದಲು ಅಲ್ಲಾಳಸಂದ್ರಕ್ಕೆ ಹೋದರು. ಅಲ್ಲಿ ನಸೀಮಾ ಎಂಬ ಅರವತ್ತೆರಡರ ಹೆಂಗಸಿನ ಡಬ್ಬಿ ಮಧ್ಯಾಹ್ನದ ಮಾತ್ರೆಯನ್ನು ವಾರಕ್ಕೆ ಮೂರು ಸಲ ಕೆಂಪು ತೋರಿಸುತ್ತಿತ್ತು. ಮುನೇಶ್ ಚಪ್ಪಲಿ ಬಿಟ್ಟು ಒಳಗೆ ಹೋದವನೇ, “ಅಮ್ಮಾ, ಮಧ್ಯಾಹ್ನ ಎರಡು ಗಂಟೆಗೆ ನೀವು ಏನ್ ಮಾಡ್ತಿರ್ತೀರಾ?” ಎಂದು ನೇರವಾಗಿ ಕೇಳಿದ.

“ಎರಡು ಗಂಟೆಗಾ?” ನಸೀಮಾ ಚಾಪೆ ಹಾಸಿದರು. “ಕೂತ್ಕೊಳ್ರಪ್ಪ. ಅದು ಹೇಳ್ಬೇಕು ಅಂದ್ರೆ ನಮ್ಮ ದೊಡ್ಡ ಸೊಸೆ ವಿಷಯದಿಂದ ಶುರು ಮಾಡ್ಬೇಕು.”

ಮುನೇಶ್ ನೂರೀನ್‌ಳ ಮುಖ ನೋಡಿದ. ನೂರೀನ್ ಗಡಿಯಾರ ನೋಡಿದಳು, ನಿಟ್ಟುಸಿರು ಬಿಟ್ಟು, ಗೋಡೆಗೊರಗಿ ಕೂತಳು.

“ಹೇಳಿ ಖಾಲಾ,” ಎಂದಳು.